ಮೊದಲು ಕೆಂಪು ಸಾಲು

ನಿನ್ನೆ ಬೆಳಿಗ್ಗೆ ಹಾಲು ಕಾಯಿಸಿದೆ, ಗ್ಯಾಸಿಗೆ ಫೋನ್ ಮಾಡಿದೆ, ಕಿಟಕಿ ಪರದೆ ಒಗೆಯಲು ಹಾಕಿದೆ, ಅಟ್ಟದಿಂದ ನನ್ನ ಹಳೆಯ ಕೀಬೋರ್ಡ್ ಇಳಿಸಿ ಧೂಳು ಒರೆಸಿದೆ. ಕೋಡನ್ನು ಸಾಲು ಸಾಲಾಗಿ ಇಳಿದು ಓದಿ ಓದಿ ಕೆಳಬಾಣದ ಗುಂಡಿ ಸವೆದು ನುಣ್ಣಗಾಗಿತ್ತು. ಅದನ್ನು ಮುಟ್ಟಿದ್ದೇ ಪುಣೆಯ ಹಡಪಸರದ ಆಫೀಸಿನ ಅಕ್ಕಾವರು ನೆನಪಾದರು...

ಇಪ್ಪತ್ತು ವರ್ಷದ ಹಿಂದಿನ ಮಾತು. ಆಸ್ಪತ್ರೆಗಳ ಔಷಧ ಅಂಗಡಿಗೆ ನಾವು ಸಾಫ್ಟ್‌ವೇರ್ ಮಾಡುತ್ತಿದ್ದೆವು. ವಿಜಾಪುರ ಕಡೆಯ ಅಕ್ಕಾವರು ನಮ್ಮ ಟೀಮಿಗೆ ಹಿರಿಯರು. ಯಾರೇ ಕೋಡ್ ಬದಲಿಸಲಿ, ಕೋಡ್ ಬರೆಯುವ ಎಡಿಟರಿನಲ್ಲೇ ಪರದೆಯನ್ನು ಎರಡು ಭಾಗ ಮಾಡಿ ಹಿಂದಿನ ಕಮಿಟ್ಟನ್ನೂ, ಅಂದರೆ ಹಿಂದೆ ದಾಖಲಿಸಿಟ್ಟ ಕೋಡನ್ನೂ, ಈಗಿನದನ್ನೂ ಅಕ್ಕಪಕ್ಕ ಇಡುತ್ತಿದ್ದರು. ಸೇರಿಸಿದ ಸಾಲು ಹಸಿರು, ತೆಗೆದದ್ದು ಕೆಂಪು. ನಮಗೋ ಹೊಸದನ್ನು ತೋರಿಸುವ ಆಸೆ.

"ಹಸಿರು ಆಮ್ಯಾಲೆ ನೋಡೂಣು. ಏನ್ ಕಿತ್ತೀರಿ, ಅದನ್ನ ಮೊದಲ ಓದ್ರಿ," ಎನ್ನುತ್ತಿದ್ದರು ಅಕ್ಕಾವರು.

ಎಲ್ಲರಿಗೂ ಕೇಳುವಂತೆ ಓದಬೇಕಿತ್ತು. ಹುಡುಗರು ಅವರ ಟೇಬಲ್ಲಿಗೆ ಜಕಾತಿ ನಾಕಾ, ಅಂದರೆ ಸುಂಕದ ಕಟ್ಟೆ, ಎಂದು ಹೆಸರಿಟ್ಟಿದ್ದರು.

ಒಂದು ಮಧ್ಯಾಹ್ನ, ನಮ್ಮ ಕಂಪನಿಯ ಮಾಲೀಕರ ಮಾತಿನಂತೆ ನಮ್ಮವನೊಬ್ಬ ಬದಲಿಸಿದ ಕೋಡ್ ಅಲ್ಲಿಗೆ ಬಂತು. ಕೆಂಪಾಗಿ ಕಂಡದ್ದು ಒಂದೇ ಸಾಲು. ಅವಧಿ ಮುಗಿದ ಔಷಧಕ್ಕೆ ಬಿಲ್ ಆಗದಂತೆ ತಡೆಯುವ ಸಾಲು ಅದು. ಮಾಲೀಕರು ಬೆಳಗಾವಿಯ ವ್ಯಾಪಾರಸ್ಥರು, ಕೋಡ್ ಬರೆಯಲು ಬಾರದವರು.

"ಬಿಲ್ ನಿಲ್ತದ ಅಂತ ಗಿರಾಕಿ ಕಿರಿಕಿರಿ ಮಾಡ್ತಾನ್ರಿ. ಒಂದ ಸಾಲು, ಬಿಟ್ಟಬಿಡ್ರಿ," ಎಂದರು.

"ಒಂದ ಸಾಲು ಹೌದಲ್ರಿ ಸಾಹೇಬ್ರ? ಹಂಗಾರ ವಾಪಸ್ ಹಾಕಾಕ ಎಷ್ಟೊತ್ತ ಬೇಕು!"

"ಹಾಕಿದ್ರ ನಾಳಿಂದ ಬರಬ್ಯಾಡ್ರಿ."

ಅಕ್ಕಾವರು ಆ ಸಾಲನ್ನು ಮರಳಿ ಹಾಕಿದರು, ತಮ್ಮ ಹೆಸರಿನಲ್ಲೇ ಕಮಿಟ್ ಮಾಡಿದರು, ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಅದನ್ನು ಮತ್ತೆ ತೆಗೆಯಿರಿ ಎಂದು ಮಾಲೀಕರು ನಮ್ಮಲ್ಲಿ ಒಬ್ಬೊಬ್ಬರನ್ನೂ ಕರೆದರು. ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ಆ ಸಾಲಿದ್ದ ಸಾಫ್ಟ್‌ವೇರೇ ಆಸ್ಪತ್ರೆ ಮುಟ್ಟಿತು. ಅಕ್ಕಾವರು ಮಾತ್ರ ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಅವರು ತೀರಿಹೋದದ್ದು ನನಗೆ ತಿಳಿದದ್ದೇ ತಡವಾಗಿ. ಒಮ್ಮೆ ಹೋಗಿ ಮಾತಾಡಿಸಬೇಕೆಂದಿದ್ದೆ...

ಈಗಿನ ಆಫೀಸಿನಲ್ಲಿ ಬದಲಿಸಿದ ಕೋಡ್ ನೋಡಿ ಒಪ್ಪಿಗೆ ಕೊಡುವ ಕೆಲಸ ನನ್ನದು. ಇಲ್ಲೂ ಎಲ್ಲರಿಗೂ ಅವಸರ. "ಮೇಡಂ, ಟೆಸ್ಟ್ ಎಲ್ಲಾ ಪಾಸ್ ಆಗಿದೆ, ಸುಮ್ನೆ ಅಪ್ರೂವ್ ಮಾಡ್ಬಿಡಿ" ಎಂದು ನಿನ್ನೆಯೂ ಬೆಂಗಳೂರಿನ ಮ್ಯಾನೇಜರ್ ಫೋನ್ ಮಾಡಿದ. ತೆಗೆದ ಸಾಲುಗಳನ್ನು ಓದದೆ ಮಾಡುವುದಿಲ್ಲ ಎಂದೆ. ಮೇಲಿನವರಿಗೆ ಬರೆಯುತ್ತೇನೆ ಎಂದು ಹೆದರಿಸಿದ.

"ಬರೀರಿ. ನನ್ನ ಹೆಸರು ಪೂರ್ತಿ ಬರೀರಿ," ಎಂದೆ.

ರಾತ್ರಿ ಬದನೆಕಾಯಿ ಎಣ್ಣೆಗಾಯಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ. ನಮ್ಮವರು ಇನ್ನೂ ಮ್ಯಾಚ್ ನೋಡುತ್ತಿದ್ದರು. ಮೊದಲು ಮಲಗಿದವಳು ನಾನೇ.