ಎದುರು ಮನೆತನದ ಸಾಕ್ಷಿ

೧೯೯೬ರಲ್ಲಿ ನಾನು ಮೇರಿಲ್ಯಾಂಡಿನ ಒಂದು ಸಣ್ಣ ಕಚೇರಿಯಲ್ಲಿ ಇಮಿಗ್ರೇಶನ್ ವಕೀಲಳಾಗಿದ್ದೆ. ಬರುತ್ತಿದ್ದದ್ದು ಬಹುಪಾಲು ಸಾಫ್ಟ್‌ವೇರ್ ಹುಡುಗರ ವೀಸಾ ಕೇಸುಗಳು. ಅವುಗಳಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಆ ಬೇಸಿಗೆಯಲ್ಲಿ ರೆಸ್ಟೊರೆಂಟ್ ಒಂದರ ಅಡುಗೆಯವ ಭೀಮಣ್ಣ ಬಂದು ಕುಳಿತ. "ಅಕ್ಕಾರ, ನಾ ಊರಿಗೆ ಹೋದ್ರ ಕಡೀತಾರ್ರೀ" ಎಂದ, ಬಸ್ಸು ತಪ್ಪಿತು ಎನ್ನುವಷ್ಟೇ ನಿರಾಳವಾಗಿ.

ಅವನದು ಉತ್ತರ ಕರ್ನಾಟಕದ ಒಂದು ಹಳ್ಳಿ. ಹೊಲದ ಬದುವಿಗಾಗಿ ಎರಡು ಮನೆತನಗಳ ನಡುವೆ ಹುಟ್ಟಿದ ದ್ವೇಷದಲ್ಲಿ ಅವನ ಚಿಕ್ಕಪ್ಪ ಎದುರಿನವರಲ್ಲಿ ಒಬ್ಬನನ್ನು ಕೊಂದಿದ್ದ. ಆಮೇಲೆ ಜೈಲಿನಲ್ಲೇ ತೀರಿಕೊಂಡ. ಸೇಡಿಗೆ ಚಿಕ್ಕಪ್ಪನ ಮನೆತನದಲ್ಲಿ ಉಳಿದ ಗಂಡಸು ಭೀಮಣ್ಣ ಒಬ್ಬನೇ. ಪುಣೆಗೆ ಓಡಿಹೋದರೆ ಅಲ್ಲಿಗೂ ಹುಡುಕಿಕೊಂಡು ಬಂದಿದ್ದರು. ಪೊಲೀಸರು ಊರ ಜಗಳ ಊರಲ್ಲೇ ಮುಗಿಸಿಕೊಳ್ಳಿ ಎಂದು ಕೈತೊಳೆದುಕೊಂಡಿದ್ದರು.

ಅಸೈಲಮ್, ಅಂದರೆ ಆಶ್ರಯ, ಪ್ರಾಣಭಯ ಇದ್ದ ಮಾತ್ರಕ್ಕೆ ಸಿಗುವುದಿಲ್ಲ. ಧರ್ಮ, ಜನಾಂಗ, ರಾಜಕೀಯ ಅಥವಾ ಒಂದು ಗುಂಪಿಗೆ ಸೇರಿದ ಕಾರಣಕ್ಕೆ ಆ ಭಯ ಬಂದಿರಬೇಕು. ಭೀಮಣ್ಣ ಯಾರೊಂದಿಗೂ ಜಗಳವಾಡಿದವನಲ್ಲ, ಆ ಮನೆಯಲ್ಲಿ ಹುಟ್ಟಿದ್ದೇ ಅವನಿಗೆ ಕುತ್ತು. ಕುಟುಂಬವೇ ಇಲ್ಲಿ ಗುಂಪು ಎಂಬುದು ನನ್ನ ವಾದ. ವಾದವೇನೋ ಸೊಗಸಾಗಿತ್ತು, ಸಾಕ್ಷಿ ಮಾತ್ರ ಇರಲಿಲ್ಲ.

ಅಸೈಲಮ್ ಅಧಿಕಾರಿ ನಡೆಸುವ ಇಂಟರ್‌ವ್ಯೂಗೆ ಅರ್ಜಿದಾರನೇ ದುಭಾಷಿಯನ್ನು ಕರೆತರಬೇಕು. ವಕೀಲರು ದುಭಾಷಿ ಆಗುವಂತಿಲ್ಲ. ಮೈಸೂರಿನವಳಾದ ನನಗೆ ಭೀಮಣ್ಣನ ಮಾತು ಅರ್ಧ ಅರ್ಥವೇ ಆಗುತ್ತಿರಲಿಲ್ಲ. ವಿಚಾರಿಸಿ, ಜರ್ಮನ್‌ಟೌನಿನಲ್ಲಿದ್ದ ಉತ್ತರ ಕರ್ನಾಟಕದ ಕಡೆಯ ಇಂಜಿನಿಯರ್ ರವೀಂದ್ರನನ್ನು ಫೋನಿನಲ್ಲಿ ಒಪ್ಪಿಸಿದೆ. ಗೋಪ್ಯತೆಯ ನಿಯಮವಿದ್ದುದರಿಂದ ಕಕ್ಷಿದಾರನ ಹೆಸರು, ಊರು ಹೇಳಲಿಲ್ಲ.

ಇಂಟರ್‌ವ್ಯೂ ದಿನ ಅಸೈಲಮ್ ಕಚೇರಿಯ ಬಾಗಿಲಲ್ಲಿ ಇಬ್ಬರೂ ಭೇಟಿಯಾದರು. ಇಬ್ಬರು ಕನ್ನಡಿಗರು ಪರದೇಶದಲ್ಲಿ ಸಿಕ್ಕರೆ ಏನು ಕೇಳುತ್ತಾರೋ ಅದನ್ನೇ ಕೇಳಿಕೊಂಡರು: ಯಾವ ಊರು, ಯಾರ ಪೈಕಿ, ಹೆಂಡತಿಯ ಮನೆ ಎಲ್ಲಿ. ಐದು ನಿಮಿಷದಲ್ಲಿ ಭೀಮಣ್ಣ ಬಿಳಿಚಿಕೊಂಡು ನನ್ನ ಹಿಂದೆ ಬಂದು ನಿಂತ. "ಅಕ್ಕಾರ, ಇವ್ರು ಅವ್ರ ಮನಿ ಅಳಿಯಾ ಅದಾರ್ರೀ."

ಅಮೆರಿಕದಲ್ಲಿ ಅಷ್ಟು ಕನ್ನಡಿಗರಿದ್ದೂ ನಾನು ಹುಡುಕಿ ತಂದದ್ದು ಶತ್ರುವಿನ ಅಳಿಯನನ್ನು! ರವೀಂದ್ರನೂ ಬೆವರುತ್ತಿದ್ದ. "ಮೇಡಮ್, ನಾ ಇಂಟರ್‌ಪ್ರಿಟ್ ಮಾಡೂದು ಸರಿ ಅಲ್ರೀ. ಆದ್ರ ಅಂವನ ಜೀವಕ್ಕ ಅಪಾಯ ಇರೂದು ಖರೇ ಐತಿ."

ಖರೇ ಎಂಬ ಮಾತು ಕೇಳಿದ್ದೇ ನನ್ನೊಳಗಿನ ವಕೀಲಳು ಎದ್ದು ಕುಳಿತಳು. ಅದನ್ನೇ ಅಧಿಕಾರಿಯ ಮುಂದೆ ಹೇಳುತ್ತೀರಾ ಎಂದು ಕೇಳಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಕೇಳಬ್ಯಾಡ್ರಿ, ನಮ್ಮ ಮನ್ಯಾಗ ಕೇಳ್ರಿ."

ಇಂಟರ್‌ವ್ಯೂ ಮುಂದಕ್ಕೆ ಹಾಕಿಸಿ, ಭೀಮಣ್ಣನ ಒಪ್ಪಿಗೆ ಪಡೆದು, ಆ ಶನಿವಾರವೇ ರವೀಂದ್ರನ ಮನೆಗೆ ಡ್ರೈವ್ ಮಾಡಿದೆ. ಹೆಂಡತಿ ಸುವರ್ಣಾ ರೊಟ್ಟಿ ಬಡಿಯುತ್ತಲೇ ನನ್ನ ಮಾತೆಲ್ಲ ಕೇಳಿದಳು. ಅಸೈಲಮ್ ಫೈಲು ಗೋಪ್ಯವಾಗಿರುತ್ತದೆ, ನಿಮ್ಮ ತಂದೆಗೆ ತಿಳಿಯುವುದಿಲ್ಲ ಎಂದೆ. "ಗೊತ್ತಾದ್ರ ಗೊತ್ತಾಗ್ಲಿ, ಬರ್ತೀನಿ. ನೀವು ಮೊದಲ ಊಟ ಮಾಡ್ರಿ" ಎಂದಳು. ನಾನು ನಾಲ್ಕು ರೊಟ್ಟಿ ತಿಂದೆ.

ಹೊಸ ದುಭಾಷಿಯಾಗಿ ಧಾರವಾಡದ ಹಿರಿಯರೊಬ್ಬರನ್ನು ಗೊತ್ತುಮಾಡಿದೆ. ಈ ಸಲ ಅವರ ಬೀಗರ ಬೀಗರವರೆಗೂ ವಿಚಾರಿಸಿಕೊಂಡೆ. ಮದುವೆ ಸಂಬಂಧಕ್ಕೆ ಬಂದಿದ್ದೇನೆಂದು ಅವರು ತಿಳಿದಿರಬೇಕು.

ಸುವರ್ಣಾ ಅಧಿಕಾರಿಯ ಎದುರು ಸೆರಗು ಸರಿಮಾಡಿಕೊಂಡು ಕುಳಿತು, ತವರಿನಲ್ಲಿ ಗಂಡಸರು ಊಟಕ್ಕೆ ಕುಳಿತಾಗಲೆಲ್ಲ ಭೀಮಣ್ಣನ ಹೆಸರು ಬರುತ್ತಿತ್ತೆಂದೂ, ಪುಣೆಗೆ ಹೋದವರು ತನ್ನ ಸ್ವಂತ ಅಣ್ಣಂದಿರೆಂದೂ ಹೇಳಿದಳು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ, ನಿಮ್ಮ ತವರಿನವರ ವಿರುದ್ಧವೇ ಏಕೆ ಸಾಕ್ಷಿ ಹೇಳುತ್ತಿದ್ದೀರಿ ಎಂದು ಕೇಳಿದರು.

"ವಿರುದ್ಧ ಅಲ್ರೀ. ಇಂವಾ ಇಲ್ಲೇ ಉಳದ್ರ ನಮ್ಮ ಅಣ್ಣಗೋಳು ಜೈಲು ನೋಡೂದಿಲ್ಲ. ನಾ ನನ್ನ ತವರಮನಿ ಉಳಸಾಕ ಬಂದೀನ್ರಿ."

ದುಭಾಷಿ ಅದನ್ನು ಇಂಗ್ಲಿಷಿಗೆ ತಂದರು. ಅಧಿಕಾರಿ ಅದನ್ನೂ ಬರೆದುಕೊಂಡರು. ಎರಡು ವಾರದ ನಂತರ ಭೀಮಣ್ಣನಿಗೆ ಅಸೈಲಮ್ ಮಂಜೂರಾಯಿತು.

ಎದುರು ಪಕ್ಷವೆಂದರೆ ಬಿರುಕಿಲ್ಲದ ಒಂದೇ ಗೋಡೆ ಎಂದು ಕಾನೂನು ಕಾಲೇಜು ನನಗೆ ಕಲಿಸಿತ್ತು. ಈ ಕೇಸಿನ ನಂತರ ದ್ವೇಷದ ಕಥೆ ಹೇಳಿಕೊಂಡು ಯಾರೇ ಬರಲಿ, ಎದುರು ಮನೆಯ ಹೆಣ್ಣುಮಕ್ಕಳು ಯಾರು, ಎಲ್ಲಿಗೆ ಮದುವೆಯಾಗಿ ಹೋಗಿದ್ದಾರೆ ಎಂದು ಮೊದಲು ಕೇಳುತ್ತಿದ್ದೆ. ನಿವೃತ್ತಳಾಗುವವರೆಗೂ ಆ ಪ್ರಶ್ನೆ ಬಿಡಲಿಲ್ಲ.

ಅಸೈಲಮ್ ಸಿಕ್ಕ ಮರುವರ್ಷ ನಾಗರಪಂಚಮಿಯ ದಿನ ಸುವರ್ಣಾ ಫೋನ್ ಮಾಡಿದಳು. ಉತ್ತರ ಕರ್ನಾಟಕದ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ರೂಢಿ. ಬೆಳಿಗ್ಗೆ ಬಾಗಿಲು ತೆಗೆದರೆ ಭೀಮಣ್ಣ ಡಬ್ಬಿ ತುಂಬ ಉಂಡಿ ಹಿಡಿದು ನಿಂತಿದ್ದನಂತೆ. "ತಂಗಿ, ಕರೀಲಿಕ್ಕ ಬಂದೀನಿ" ಎಂದನಂತೆ. ಅವನ ಮನೆಯೆಂದರೆ ಒಂದೇ ಕೋಣೆಯ ಅಪಾರ್ಟ್‌ಮೆಂಟ್. ಗಂಡನಿಗೆ ಅಡುಗೆ ಮಾಡಿಟ್ಟು, ಮಕ್ಕಳನ್ನು ಕರೆದುಕೊಂಡು ಅವಳು ಎರಡು ದಿನ ಅಲ್ಲೇ ಇದ್ದು ಬಂದಳು.