ಕಹಿ ಸೋರೆಯ ಗೊಂಬೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಬೇರೇನನ್ನೋ ಹೇಳಿ ಮುಗಿಸಿದ್ದೇನೆ. ಹೆಂಡತಿ ಇದ್ದಾಗ ಅವಳಿಗೆ ಹೇಳಬಹುದಿತ್ತು, ಹೇಳಲಿಲ್ಲ. ಮಗಳ ಮದುವೆಯಾಗಲಿ ಎಂದುಕೊಂಡೆ, ಆಯಿತು. ಮೊಮ್ಮಗಳು ಹುಟ್ಟಲಿ ಎಂದುಕೊಂಡೆ, ಅವಳೀಗ ಮೂರನೇ ಕ್ಲಾಸು. ಮೊನ್ನೆ ಒಂದು ಒಣ ಸೋರೆಬುರುಡೆ ಗಡಗಡ ಸದ್ದು ಮಾಡಿಕೊಂಡು ಟ್ರಂಕಿನಿಂದ ಹೊರಗೆ ಬರದಿದ್ದರೆ ಈಗಲೂ ಹೇಳುತ್ತಿರಲಿಲ್ಲವೇನೋ...

ನಾನೀಗ ಸೊರಬದಲ್ಲಿ ಮಗಳ ಮನೆಯಲ್ಲಿದ್ದೇನೆ. ಮನೆಯಲ್ಲೇ ಸಿಗುವ ವಸ್ತುಗಳಿಂದ ಏನಾದರೂ ಮಾಡಿಕೊಂಡು ಬನ್ನಿ ಎಂದು ಮೊಮ್ಮಗಳ ಶಾಲೆಯಲ್ಲಿ ಹೇಳಿದ್ದರಂತೆ. ಅವಳಿಗೆ ತೋರಿಸಲೆಂದು ಮಗಳು ತನ್ನ ಹಳೆಯ ಟ್ರಂಕಿನಿಂದ ಆ ಬುರುಡೆಯನ್ನು ತೆಗೆದಳು. ಸಣ್ಣ ಕುತ್ತಿಗೆ, ದಪ್ಪ ಹೊಟ್ಟೆ, ಇದ್ದಿಲಿನಿಂದ ಬರೆದ ಕಣ್ಣು, ಹೂವಿನ ಬಟ್ಟೆಯ ಲಂಗ. ಕಣ್ಣುಗಳು ಅರ್ಧ ಅಳಿಸಿಹೋಗಿವೆ. ಒಳಗಿನ ಬೀಜಗಳು ಮಾತ್ರ ಅಂದಿನಂತೆಯೇ ಸದ್ದು ಮಾಡುತ್ತವೆ.

ಆ ಗೊಂಬೆ ಮಾಡಿದವರು ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಗಂಡ ಬಟ್ಟೆ ಹೊಲಿಯುತ್ತಿದ್ದರಿಂದ ಕೇರಿಯವರಿಗೆ ಅವರು ಟೇಲರ್ ಮನೆಯಮ್ಮ. ಮಕ್ಕಳಿಗೆ ದೊಡ್ಡಮ್ಮ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು, ಆಗ ಮಾರುಕಟ್ಟೆ ಯಾರ್ಡಿನ ಒಂದು ಮಂಡಿಯಲ್ಲಿ ಮೆಕ್ಕೆಜೋಳದ ಚೀಲಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ನಿಂತಿರುತ್ತಿದ್ದೆ.

ಅಕ್ಕನ ಅಂಗಳದಲ್ಲಿ ಶಾಲೆ ಬಿಟ್ಟ ಮೇಲೆ ಕೇರಿಯ ಮಕ್ಕಳೆಲ್ಲ ಸೇರುತ್ತಿದ್ದರು. ಅಲ್ಲಿ ಒಂದೇ ನಿಯಮವಿತ್ತು. ಯಾವ ತರಕಾರಿಯ ಪಲ್ಯ ತಿಂದರೋ ಅದೇ ತರಕಾರಿಯ ಆಟದ ಸಾಮಾನು. ಬೆಂಡೆಕಾಯಿ ಗೊಜ್ಜು ತಿಂದವರಿಗೆ ಬೆಂಡೆಯ ತೊಟ್ಟು. ಅದನ್ನು ಅರಿಶಿನದ ನೀರಿಗೆ ಅದ್ದಿ ಕಾಗದಕ್ಕೆ ಒತ್ತಿದರೆ ಹೂವು. ಎಣ್ಣೆಗಾಯಿ ತಿಂದವರಿಗೆ, ಕಡ್ಡಿಯ ಕಾಲು ಚುಚ್ಚಿದ ಎಳೆ ಬದನೆಯ ಎತ್ತು. ಮೆಕ್ಕೆಜೋಳದ ತೆನೆ ಬೇಯಿಸಿದ ದಿನ ಅದರ ಸಿಪ್ಪೆಯೇ ಸೀರೆ, ಅದರ ನವಿರೇ ಜಡೆ. ಹೀರೆಕಾಯಿಯಲ್ಲಂತೂ ಏನೂ ಬಿಸಾಡುತ್ತಿರಲಿಲ್ಲ. ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ, ಹೆರೆದ ಏಣುಗಳು ಹುಡುಗಿಯರ ಕೈಗೆ ಬಳೆ.

ನನ್ನ ಮಗಳಿಗೆ ಆಗ ಆರು ವರ್ಷ. ಮನೆಯಲ್ಲಿ ಅನ್ನ-ಮೊಸರು ಬಿಟ್ಟು ಬೇರೇನೂ ಮುಟ್ಟದವಳು. ಮೊದಲ ದಿನ ಅವಳನ್ನು ಕರೆತರಲು ಹೋದಾಗ ಕೇಳಿಸಿದ ಮಾತು ಇನ್ನೂ ನೆನಪಿದೆ.

"ಬೆಂಡೆ ತಿನ್ನದೇ ಬೆಂಡೆ ಹೂವು ಕೇಳ್ತೀಯಲ್ಲ, ನಾಚ್ಕಿ ಆಗಂಗಿಲ್ಲೇನು ನಿಂಗೆ?"

"ನೀವೇ ತಿನ್ರಿ ದೊಡ್ಡಮ್ಮ. ನಂಗೆ ಹೂವು ಕೊಡ್ರಿ."

"ಹೌದವ್ವ, ತಿನ್ನಾಕೆ ನಾನು, ಆಡಾಕೆ ನೀನು. ಭಾಳ ಚಲೋ ಐತಿ ನಿನ್ನ ವ್ಯಾಪಾರ! ಅಪ್ಪನ ಮಂಡ್ಯಾಗೆ ಕಲ್ತು ಬಂದೀಯೇನು?"

ಒಂದು ತಿಂಗಳಾಗುವಷ್ಟರಲ್ಲಿ ಮಗಳು ಹಾಗಲಕಾಯಿಯನ್ನೂ ತಿನ್ನುತ್ತಿದ್ದಳು. ನನಗೆ ಅದರಿಂದ ಸಂತೋಷವಾಗಬೇಕಿತ್ತು. ಆಗುತ್ತಿತ್ತು ಕೂಡ, ಆದರೆ ಅದರ ಜೊತೆಗೆ ಒಂದು ಸಣ್ಣ ಉರಿಯೂ ಇತ್ತು. ನನ್ನ ಕೈಯಿಂದ ತಿನ್ನದವಳು ಅವರ ಕೈಯಿಂದ ತಿನ್ನುತ್ತಾಳಲ್ಲ ಎಂದು.

ಅಕ್ಕನ ಇನ್ನೊಂದು ಅಭ್ಯಾಸ. ಸೋರೆಕಾಯಿಯಾಗಲಿ, ಹೀರೆಯಾಗಲಿ, ಸೌತೆಯಾಗಲಿ, ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು ನಾಲಗೆಗೆ ಮುಟ್ಟಿಸಿ ನೋಡುತ್ತಿದ್ದರು. ಕಹಿ ಎನಿಸಿದರೆ ಉಗುಳಿ, ಇಡೀ ಕಾಯಿಯನ್ನೇ ಪಕ್ಕಕ್ಕಿಡುತ್ತಿದ್ದರು. ನಾನು ದಿನವೂ ನೋಡುತ್ತಿದ್ದೆ. ಯಾಕೆ ಎಂದು ಕೇಳಲಿಲ್ಲ.

ಹೆಂಡತಿ ಎರಡನೇ ಹೆರಿಗೆಗೆಂದು ಸೊರಬದ ಕಡೆಯ ತವರಿಗೆ ಹೋಗಿದ್ದ ಸಮಯವದು. ಶಾಲೆ ತಪ್ಪಬಾರದೆಂದು ಮಗಳನ್ನು ನನ್ನ ಹತ್ತಿರ ಬಿಟ್ಟಿದ್ದಳು. ಎರಡೂ ಮನೆಗಳ ನಡುವಿನ ಬೇಲಿಗೆ ನಾನು ಸೋರೆಬಳ್ಳಿ ಹಬ್ಬಿಸಿದ್ದೆ. ಅಂಜನಾಪುರದ ಕಡೆ ಯಾರದೋ ಹೊಲದ ಬದುವಿನಲ್ಲಿ ತಾನಾಗಿ ಬೆಳೆದಿದ್ದ ಬಳ್ಳಿಯ ಬೀಜ. ಆ ಸೋಮವಾರ ಮೊದಲ ಕಾಯಿ ಕೊಯ್ದೆ. ಇವತ್ತು ಮಗಳಿಗೆ ನನ್ನ ಕೈಯಡಿಗೆಯೇ ಆಗಬೇಕು ಎಂದು ಹಟ ಬಂದಿತ್ತು.

ಸೋಮವಾರ ನಮ್ಮ ಮನೆಯಲ್ಲಿ ಒಪ್ಪತ್ತು. ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ, ಅಡಿಗೆಯ ರುಚಿ ನೋಡುವುದಂತೂ ಇಲ್ಲವೇ ಇಲ್ಲ. ಸಂಜೆ ಪಲ್ಯ ಮಾಡಿ, ಪೂಜೆಗೆ ಕೂರುವ ಮೊದಲು ಮಗಳನ್ನು ಊಟಕ್ಕೆ ಕೂರಿಸಿದೆ. ಮೊದಲ ತುತ್ತಿಗೇ ಮುಖ ಹಿಂಡಿದಳು.

"ಅಪ್ಪಾ, ಕಹಿ."

"ದೊಡ್ಡಮ್ಮ ಮಾಡಿದ್ರೆ ಸಿಹಿ, ಅಪ್ಪ ಮಾಡಿದ್ರೆ ಕಹಿನಾ? ಬಾಯಿ ತೆಗಿ."

ಕಣ್ಣಲ್ಲಿ ನೀರು ತುಂಬಿಕೊಂಡೇ ತಿಂದಳು. ನಾನು ತಿನ್ನಿಸಿದೆ...

ಪೂಜೆಗೆ ಕೂತ ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ನನ್ನ ಕೂಗು ಕೇಳಿ ಮೊದಲು ಓಡಿಬಂದವರು ಅಕ್ಕನೇ. ಮಗುವಿನ ಹಣೆ ಹಿಡಿದು ಕೂತು, ಸಕ್ಕರೆ ಉಪ್ಪು ಕಲಸಿದ ನೀರನ್ನು ಚಮಚದಲ್ಲಿ ಕುಡಿಸಿದರು. ಅವರ ಸೀರೆಯ ತುಂಬ ವಾಂತಿ. ಬಾಗಿಲಲ್ಲಿ ಕೇರಿಯವರು ಕೂಡಿದರು. ಯಾರೋ ಕೇಳಿದರು, "ಏನ್ ತಿಂದಿತ್ರೀ ಕೂಸು?"

ನಾನು ಕೂಗಿಬಿಟ್ಟೆ. "ನಮ್ಮನ್ಯಾಗೆ ಏನೈತ್ರೀ ತಿನ್ನಾಕೆ? ದಿನಾ ಅವರ ಮನ್ಯಾಗೇ ಅಲ್ಲೇನು ಊಟ, ಆಟ, ಬಣ್ಣ, ಎಲ್ಲಾ? ಅವರನ್ನೇ ಕೇಳ್ರಿ."

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಮಗುವಿನ ಹಣೆಯಿಂದ ಕೈ ತೆಗೆಯಲಿಲ್ಲ. "ಮೊದ್ಲು ಆಸ್ಪತ್ರಿಗೆ ನಡಿ ತಮ್ಮ," ಎಂದರು. ಆಟೋದಲ್ಲಿ ಮಗಳು ಮಲಗಿದ್ದು ಅವರ ತೊಡೆಯ ಮೇಲೆಯೇ.

ಬೆಳಗಾಗುವಷ್ಟರಲ್ಲಿ ಮಗಳು ಚೇತರಿಸಿಕೊಂಡಳು. ಬಟ್ಟೆ ತರಲೆಂದು ಮನೆಗೆ ಬಂದೆ. ಹೊಟ್ಟೆ ಹಸಿದಿತ್ತು. ತಣ್ಣಗಿನ ರೊಟ್ಟಿ ಮುರಿದು, ಹಿಂದಿನ ದಿನದ ಪಲ್ಯ ಹಚ್ಚಿ ಬಾಯಿಗಿಟ್ಟೆ. ಅಂಥ ಕಹಿಯನ್ನು ನಾನು ಆಮೇಲೆ ಎಂದೂ ಕಂಡಿಲ್ಲ. ಉಗುಳಿ, ಬಾಯಿ ತೊಳೆದು, ಪಾತ್ರೆಯಲ್ಲಿದ್ದುದನ್ನೆಲ್ಲ ತಿಪ್ಪೆಗೆ ಸುರಿದು, ಮೇಲೆ ಕಸ ಮುಚ್ಚಿದೆ. ಹಿಂದಿನ ಸಂಜೆ ನಾನು ಆಡಿದ್ದು, ವಾಂತಿ ಈ ಕಹಿ ಸೋರೆಯ ವಿಷದಿಂದ ಎಂದು ತಿಳಿಯದೆ ಆಡಿದ ಮಾತು. ಆ ಕಸ ಮುಚ್ಚಿದ್ದು ಮಾತ್ರ ತಿಳಿದೇ.

ಕೇರಿಯಲ್ಲಿ ಮಾತು ಬೆಳೆಯಿತು. ಆ ಬಣ್ಣ ಹೊಟ್ಟೆಗೆ ಹೋಗಿರಬೇಕು ಎಂದು ಒಬ್ಬರು, ಹಳಸಿದ ಗೊಜ್ಜು ಬಡಿಸಿರಬೇಕು ಎಂದು ಇನ್ನೊಬ್ಬರು. ಅಕ್ಕನ ಅಂಗಳಕ್ಕೆ ಮಕ್ಕಳು ಬರುವುದು ನಿಂತಿತು. ಹೆಂಡತಿ ಕೈಗೂಸಿನೊಂದಿಗೆ ವಾಪಸಾದಾಗ ಕೇರಿಯವರೇ ಅವಳಿಗೆ ಕಥೆ ಹೇಳಿ ಮುಗಿಸಿದ್ದರು. ನಾನು ತಿದ್ದಲಿಲ್ಲ.

ಅದಕ್ಕೂ ಮೊದಲೇ, ಮಗಳು ಆಸ್ಪತ್ರೆಯಿಂದ ಬಂದ ನಾಲ್ಕಾರು ದಿನಕ್ಕೆ, ಅಕ್ಕ ಬೇಲಿಯ ಹತ್ತಿರ ನಿಂತು ನನ್ನನ್ನು ಕರೆದಿದ್ದರು. ಅವರ ಕಡೆಗೆ ಇಳಿಬಿದ್ದಿದ್ದ ಒಂದು ಸೋರೆಕಾಯಿ ಅವರ ಕೈಯಲ್ಲಿತ್ತು. ತೊಟ್ಟಿನ ಕಡೆ ಒಂದು ಚೂರು ಕೊಯ್ದಿತ್ತು.

"ತಮ್ಮ, ಈ ಬಳ್ಳಿ ಕಾಯಿ ಅಡಿಗಿಗೆ ಬ್ಯಾಡ. ಬಳ್ಳ್ಯಾಗೇ ಒಣಗಾಕೆ ಬಿಡು. ಗೊಂಬಿಗೆ ಆಗ್ತಾವು."

ಅಷ್ಟೇ. ದನಿ ಎತ್ತಲಿಲ್ಲ, ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ಕೇರಿಯ ಬಾಯಿ ಮುಚ್ಚಿಸಲು ಆ ಕಾಯಿಯೊಂದೇ ಸಾಕಿತ್ತು. ಅದನ್ನು ಅವರು ಯಾರಿಗೂ ತೋರಿಸಲಿಲ್ಲ. ನಾನೇ ಹೇಳಲಿ ಎಂದು ಕಾದರೋ, ಮಗುವಿನ ಅಪ್ಪನ ಮುಖ ಉಳಿಯಲಿ ಎಂದುಕೊಂಡರೋ... ನನಗೆ ಇಂದಿಗೂ ತಿಳಿಯದು. ನಾನು "ಹೂಂ" ಎಂದು ಒಳಗೆ ಬಂದೆ. ತಪ್ಪಾಯಿತಕ್ಕ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ.

ಬೇಸಿಗೆಯಲ್ಲಿ ಬಳ್ಳಿ ಒಣಗಿತು. ಒಂದು ದಿನ ಟೇಲರ್ ಭಾವ ನಮ್ಮ ಬಾಗಿಲಿಗೆ ಬಂದು, ಲಂಗ ತೊಡಿಸಿದ ಈ ಗೊಂಬೆಯನ್ನು ಮಗಳ ಕೈಗೆ ಕೊಟ್ಟು ಹೋದರು. ಹೆಂಡತಿ ಬೇಡವೆಂದಳು, ಮಗಳು ಬಿಡಲಿಲ್ಲ. ಮುಂದಿನ ವರ್ಷ ಅವರಿಬ್ಬರೂ ಮನೆ ಖಾಲಿ ಮಾಡಿ ಹಾವೇರಿ ಕಡೆ ತಮ್ಮ ಮಗಳ ಊರಿಗೆ ಹೋದರು. ಅಕ್ಕ ತೀರಿಕೊಂಡ ಸುದ್ದಿ ಎಷ್ಟೋ ವರ್ಷದ ಮೇಲೆ ಮಂಡಿಗೆ ಬಂದ ಆ ಕಡೆಯ ರೈತನೊಬ್ಬನಿಂದ ತಿಳಿಯಿತು. ನಾನು ಹೋಗಲಿಲ್ಲ.

ಅವರಿಂದ ನನಗೆ ಉಳಿದದ್ದು ಕಡಿಮೆಯೇನಲ್ಲ. ಮಗಳು ಇಂದು ಎಲ್ಲ ತರಕಾರಿಯನ್ನೂ ಪ್ರೀತಿಯಿಂದ ಮಾಡುತ್ತಾಳೆ, ತಿನ್ನುತ್ತಾಳೆ. ಹೆಂಡತಿ ಹೋದ ಮೇಲೆ ನಾನೂ ನೆಟ್ಟಗೆ ಅಡಿಗೆ ಕಲಿತೆ. ಅಕ್ಕ ಮಾಡುತ್ತಿದ್ದ ಹಾಗೇ ಹೀರೆಕಾಯಿ ಪಲ್ಯಕ್ಕೆ ಗುರೆಳ್ಳು ಪುಡಿ ಉದುರಿಸುತ್ತೇನೆ, ಸೋರೆಯ ತೊಟ್ಟಿನ ಚೂರು ನಾಲಗೆಗೆ ಮುಟ್ಟಿಸದೆ ಹೆಚ್ಚುವುದಿಲ್ಲ. ಮಗಳಿಗೂ ಅದನ್ನು ಕಲಿಸಿದೆ. ಎಲ್ಲಿ ಕಲಿತಿರಿ ಎಂದು ಅವಳು ಕೇಳಿದಾಗ, ನಮ್ಮವ್ವ ಹಾಗೆ ಮಾಡುತ್ತಿದ್ದಳು ಎಂದಿದ್ದೆ. ಅದೂ ಸುಳ್ಳೇ.

ಮೊನ್ನೆ ಮಗಳು ಗೊಂಬೆಯ ಲಂಗ ಸರಿಮಾಡುತ್ತ ನಕ್ಕಳು. "ದೊಡ್ಡಮ್ಮನ ಕೈಯಡಿಗೆಯಿಂದಾನೇ ಅಲ್ವಾ ಅಪ್ಪ, ನಂಗೆ ಅಷ್ಟು ಜೋರು ವಾಂತಿ ಆಗಿದ್ದು? ಪಾಪ, ಬೇಕಂತ ಏನೂ ಮಾಡಿರ್ಲಿಲ್ಲ ಬಿಡಿ."

ಆ 'ಪಾಪ' ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಆ ಸೋಮವಾರದಿಂದ ಹಿಡಿದು ಬೇಲಿಯ ಮಾತಿನವರೆಗೆ ಎಲ್ಲ ಹೇಳಿದೆ. ಮಗಳು ಗೊಂಬೆಯನ್ನು ಮೊಮ್ಮಗಳ ಕೈಗೆ ಕೊಟ್ಟಳು. ಕೊನೆಗೆ, "ಎಷ್ಟು ಜನರ ಹತ್ರ ನಾನೂ ಅವರ ಹೆಸರಿಗೇ ಹಚ್ಚಿ ಈ ಕಥೆ ಹೇಳಿದೀನಲ್ಲ ಅಪ್ಪ..." ಎಂದು ಎದ್ದು ಅಡಿಗೆಮನೆಗೆ ಹೋದಳು. ಅವಳ ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ.

ಮೊಮ್ಮಗಳು ಗೊಂಬೆಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. "ಅಜ್ಜ, ಇದನ್ನ ಶಾಲೆಗೆ ಒಯ್ದು ತೋರಿಸ್ತೀನಿ. ಯಾರು ಮಾಡಿದ್ದು ಅಂತ ಮಿಸ್ ಕೇಳ್ತಾರೆ."

"ದೊಡ್ಡಮ್ಮ ಅಂತ ಹೇಳು."

"ದೊಡ್ಡಮ್ಮ ಅಂದ್ರೆ ಎಲ್ಲರ ಮನೇಲೂ ಇರ್ತಾರೆ ಅಜ್ಜ. ಅವರ ಹೆಸರು?"

ಅಡಿಗೆಮನೆಯಲ್ಲಿ ಈಳಿಗೆಯ ಸದ್ದು ನಿಂತಿತು. ಮಗಳೂ ಕೇಳಿಸಿಕೊಳ್ಳುತ್ತಿದ್ದಳು. ಅಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವನಲ್ಲ. ಮಧ್ಯಾಹ್ನ ಭಾವ ಹೊಲಿಗೆ ನಿಲ್ಲಿಸಿ ಊಟಕ್ಕೆಂದು ಅವರನ್ನು ಹೆಸರು ಹಿಡಿದು ಕೂಗುತ್ತಿದ್ದುದು ಮಾತ್ರ ಕಿವಿಯಲ್ಲಿ ಉಳಿದಿತ್ತು. ಒಳಗಿನವರೆಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದೆ.

ನೀಲಮ್ಮ.