ಏರಿ ದಾಟಿದ ಮೇಲೆ ಕೇಳದ ಸದ್ದು

ಸದ್ದನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಅಕ್ಕನ ಕಾರಿನ ಸದ್ದನ್ನು ಒಬ್ಬರಿಗೆ ‘ಟಿಕ್ ಟಿಕ್’ ಎಂದು ಹೇಳಿದ್ದೇನೆ, ಇನ್ನೊಬ್ಬರಿಗೆ ‘ಚಕ್ ಚಕ್’ ಎಂದು. ಎರಡೂ ನನ್ನ ನಾಲಿಗೆಯ ಸದ್ದುಗಳು, ಕಾರಿನವಲ್ಲ. ಅದನ್ನು ಬಿಟ್ಟು, ಗೊತ್ತಿರುವುದರಿಂದ ಶುರುಮಾಡುತ್ತೇನೆ.

ಅಕ್ಕನನ್ನು ಬೂಕನಕೆರೆಗೆ ಕೊಟ್ಟಿದೆ. ಕಾರು ಅವಳ ಮಾವನ ಕಾಲದ್ದು. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುವ ಹಳೆಯ ಮಾದರಿ. ಒಮ್ಮೆ ಹಸು ಒದ್ದು ಅಕ್ಕನ ಎಡ ಮೊಣಕೈ ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು. ಆ ಕೈ ಪೂರ್ತಿ ಚಾಚಲು ಬರುವುದಿಲ್ಲ. ಈಗಿನ ಕಾರುಗಳಲ್ಲಿ ಕೆಳಗಿರುವ ಗೇರು ಅವಳಿಗೆ ಎಟಕುವುದಿಲ್ಲ, ಇದರದ್ದು ಎಟಕುತ್ತದೆ. ಈ ಕಾರು ಹೋದರೆ ಅವಳು ಕಾರು ಓಡಿಸುವುದೇ ಹೋಯಿತು. ಎಲ್ಲಿಗೆ ಹೊರಡಬೇಕಾದರೂ ಭಾವನಿಗೆ ಬಿಡುವಾಗುವವರೆಗೆ ಕಾಯಬೇಕು.

ಸದ್ದು ಶುರುವಾದದ್ದು ಹೋದ ವರ್ಷ. ಕೆ.ಆರ್. ಪೇಟೆಯ ಗ್ಯಾರೇಜಿಗೆ ಒಯ್ದರೆ, ಅಲ್ಲಿ ಮುಟ್ಟುವಷ್ಟರಲ್ಲಿ ಸದ್ದೇ ಇಲ್ಲ. ಅಲ್ಲಿನವನು ಅವಳ ಮಾತು ನಂಬಿ ಎಂಜಿನ್ನಿನ ತಲೆಯ ಮುಚ್ಚಳ ತೆಗೆದು ಒಳಗೆ ಬಡಿಯುವ ಟ್ಯಾಪೆಟ್ಟುಗಳ ಸಡಿಲ ಸರಿಮಾಡಿ ಕಳಿಸಿದ. ಎರಡು ಸಲ. ಮಾರನೆಯ ಬೆಳಿಗ್ಗೆ ಸದ್ದು ಮತ್ತೆ ಹಾಜರು. ಭಾವ ಮಾತ್ರ ಅದನ್ನು ಕೇಳಿಯೇ ಇರಲಿಲ್ಲ. ಅವರು ಕಾರು ಹತ್ತುತ್ತಿದ್ದುದು ಕೆರೆ ಏರಿಯ ಆಚೆ, ಗದ್ದೆಯ ಹತ್ತಿರ.

“ಸದ್ದು ಕಾರಲ್ಲಿಲ್ಲ ಕಣೆ, ನಿನ್ ಕಿವೀಲೈತೆ” ಎಂದು ರೇಗಿಸುತ್ತಿದ್ದರು.

ನಾಗಮಂಗಲದಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಊಟ ಮುಗಿಸಿ ಬರುವವರೆಗೆ ಕಾರು ನಿಂತಿತ್ತು. ಆಮೇಲೆ ಸ್ಟಾರ್ಟ್ ಮಾಡಿದಾಗ ಸದ್ದು ಸಣ್ಣಗೆ ಕೇಳಿಸಿತಂತೆ. ಒಳಗೆ ಬೇರಿಂಗು ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಎಂದುಬಿಟ್ಟ. ತನ್ನ ಕಿವಿ ಸರಿಯಿದೆ ಎಂದು ಅಕ್ಕ ಗೆದ್ದ ದಿನವೇ ಕಾರು ಸೋತಿತು. ಹಳೆಯ ಕಾರಿಗೆ ಅಷ್ಟು ಖರ್ಚು ಬೇಡವೆಂದು ಭಾವ ಗುಜರಿಯವನಿಗೆ ಫೋನು ಮಾಡಿ, ಭಾನುವಾರ ಮಧ್ಯಾಹ್ನ ಬಂದು ಎಳೆದುಕೊಂಡು ಹೋಗು ಎಂದರು.

ಶನಿವಾರ ಅಕ್ಕ ಕಾರು ತೆಗೆದುಕೊಂಡು ಪಾಂಡವಪುರಕ್ಕೆ ಬಂದಳು. ನಾನಿರುವುದು ಬಾಬುರಾಯನಕೊಪ್ಪಲಿನಲ್ಲಿ, ಸ್ಕೂಟರಿನಲ್ಲಿ ಹೋಗಿ ಸೇರಿಕೊಂಡೆ. ಅಲ್ಲಿ ಒಬ್ಬ ಮುದುಕರಿದ್ದರು. ಒಂದು ಕಾಲಕ್ಕೆ ಆಲೆಮನೆಗಳ ಎಂಜಿನ್ ನೋಡಿಕೊಂಡಿದ್ದವರು, ಆಮೇಲೆ ಹಳೆಯ ಕಾರುಗಳ ರಿಪೇರಿಗೆ ಬಂದವರು. ಎಡಗಿವಿ ಕೇಳುವುದಿಲ್ಲ. ಸದ್ದು ಹುಡುಕಲು ಅರೆಗಿವುಡರ ಹತ್ತಿರ ಬಂದೆವಲ್ಲ ಎಂದು ನನಗೆ ಅನ್ನಿಸಿತ್ತು. ಅಥವಾ ಈಗ, ಬರೆಯುವಾಗ, ಅನ್ನಿಸುತ್ತಿದೆ.

ಕಾರು ಅಲ್ಲಿಯೂ ಬಾಯಿ ಬಿಡಲಿಲ್ಲ. ಮುದುಕರು ನಕ್ಕರು ಎಂದು ಮೊದಲು ಬರೆದಿದ್ದೆ. ಅಕ್ಕನಿಗೆ ಓದಿ ಹೇಳಿದಾಗ ತಡೆದಳು: “ನಗ್ನಿಲ್ಲ ಕಣ್ಲಾ. ಬೀಡಿ ಹಚ್ಕಂಡ್ರು.” ಹಾಗೇ ಇರಲಿ. ಬೀಡಿ ಹಚ್ಚಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ.

“ಸದ್ದು ಎಲ್ಲಿಗಂಟ ಇರ್ತದವ್ವ?”

“ಮನೆ ಅಟ್ಟೀಲಿ ಸ್ಟಾರ್ಟ್ ಮಾಡ್ದಾಗ ಜೋರಾಗಿರ್ತದೆ. ಏರಿ ಮ್ಯಾಕೆ ಹತ್ತೋವಾಗ ಕಮ್ಮಿಯಾಯ್ತದೆ. ಏರಿ ಇಳಿದ್ರೆ ಇಲ್ಲ.”

“ದಿನಾಲೂ ಅಲ್ಲೇ?”

“ದಿನಾಲೂ ಅಲ್ಲೇ. ಚಳಿ ಇದ್ರೆ ಇನ್ನೊಂಚೂರು ಮುಂದುಕ್ಕೆ.”

ಅವರು ಬೀಡಿ ಕೆಳಗಿಳಿಸಿ ಅವಳನ್ನು ನೋಡಿದರು. ಕಾರನ್ನಲ್ಲ, ಅವಳನ್ನು. “ಬೇರಿಂಗಾದ್ರೆ ಬಿಸಿಯಾದ ಮ್ಯಾಲೆ ಜಾಸ್ತಿಯಾಗ್ಬೇಕು. ಇದು ತಣ್ಣಗಿದ್ರೆ ಮಾತ್ರ ಕೂಗ್ತದೆ. ಕಾರು ಇಲ್ಲೇ ಬುಟ್ಟೋಗವ್ವ. ರಾತ್ರಿಯೆಲ್ಲ ತಣ್ಣಗಾಗ್ಲಿ. ಬೆಳಗಾನ ನೀನೇ ಬಂದು ಸ್ಟಾರ್ಟ್ ಮಾಡು. ಒಂದೇ ಸಲ ಕಣವ್ವ. ಬಿಸಿಯಾಗೋದ್ರೊಳಗೆ ಸಿಕ್ರೆ ಸಿಕ್ತು, ಇಲ್ದಿದ್ರೆ ಇನ್ನೊಂದಿನ ಕಾಯ್ಬೇಕು.”

ಇನ್ನೊಂದು ದಿನ ನಮ್ಮ ಹತ್ತಿರ ಇರಲಿಲ್ಲ. ಅಕ್ಕ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನಂಬಿಕೆ ಇಲ್ವೇನವ್ವ?” ಎಂದರು ಮುದುಕರು. “ನಿಮ್ ಮ್ಯಾಲೈತೆ ಯಜಮಾನ್ರೆ. ಬೆಳಿಗ್ಗೆದ್ದು ಇದನ್ನ ಆ ಕಡೀಕ್ ನಿಲ್ಸೋಣ ಅಂತ ಯಾರಾದ್ರೂ ತಿರುಗ್ಸಿಬುಟ್ರೆ?” ಎಂದಳು.

ಅವತ್ತು ಅವಳು ನಮ್ಮ ಮನೆಯಲ್ಲೇ ಉಳಿದಳು. ಭಾನುವಾರ ಬೆಳಕು ಹರಿಯುವಾಗಲೇ ಇಬ್ಬರೂ ಪಾಂಡವಪುರದಲ್ಲಿದ್ದೆವು. ಬಾನೆಟ್ಟಿನ ಮೇಲೆ ಇಬ್ಬನಿ ಕೂತಿತ್ತು.

ಅಕ್ಕ ಕೀಲಿ ತಿರುಗಿಸಿದಳು. ಸದ್ದು ಬಂತು. ಅದೇ ಸದ್ದು, ಸ್ಪಷ್ಟವಾಗಿ, ನಮ್ಮೆಲ್ಲರ ಎದುರು. ಅಕ್ಕ ಇಳಿದು ನಮ್ಮ ಪಕ್ಕ ಬಂದು ನಿಂತಳು.

ಮುದುಕರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡರು. ಒಂದು ಕಡೆ, ಇನ್ನೊಂದು ಕಡೆ. ತಲೆ ಅಲ್ಲಾಡಿಸಿದರು. “ಒಳಗೆ ಎಲ್ಲೂ ಇಲ್ಲ. ಇದು ಆಚೇದು.” ಆಮೇಲೆ ಹೊಗೆ ಹೊರಹೋಗುವ ಕಬ್ಬಿಣದ ಕೊಳವೆಗಳ ಗುಂಟ ಅಂಗೈ ಆಡಿಸಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಸದ್ದು ಆಗಲೇ ಸ್ವಲ್ಪ ಮೆತ್ತಗಾದಂತಿತ್ತು.

“ನನ್ ಕೈ ಚರ್ಮ ಸತ್ತೋಗದೆ. ನೀ ಮಡಗವ್ವ ಕೈಯ. ಮುಟ್ಬ್ಯಾಡ, ಬೆರಳಷ್ಟು ದೂರ. ಬಲಗೈ.”

“ಏನ್ ಹುಡುಕ್ಲಿ?”

“ಉಸುರು.”

ಅಕ್ಕ ಬಗ್ಗಿದಳು. ದಿನಕ್ಕೆರಡು ಹೊತ್ತು ಹಸುವಿನ ಕೆಚ್ಚಲು ಸವರುವ ಕೈ ಅದು. ಕೊಳವೆ ಎಂಜಿನ್ನಿಗೆ ಕೂಡುವ ಜಾಗದಲ್ಲಿ ನಿಧಾನವಾಗಿ ಹಿಂದಕ್ಕೆ ಹೋಯಿತು. ಮೊದಲನೆಯ ಕೂಡು. ಎರಡನೆಯದು. ನನಗೆ ಅವಸರ, ಅವಳಿಗಿಲ್ಲ. ಕೊಟ್ಟಕೊನೆಯ ಕೂಡಿನ ಕೆಳಗೆ, ಕಣ್ಣಿಗೆ ಕಾಣದ ಕಡೆ, ಕೈ ನಿಂತಿತು.

“ಇಲ್ಲೈತೆ” ಎಂದಳು, ಹುಟ್ಟಿದ ಕರುವಿನ ಮೂಗು ಸವರಿ ಹೇಳುವಂತೆ ಮೆಲ್ಲಗೆ. “ಯಜಮಾನ್ರೆ, ಉಸುರಾಡ್ತದೆ.”

ಅವಳು ನನ್ನ ಕೈಯನ್ನೂ ಎಳೆದು ಅಲ್ಲಿ ಹಿಡಿಸಿದಳು. ಬೆರಳಿನ ಬುಡಕ್ಕೆ ಗಾಳಿ ಸಣ್ಣಗೆ ಊದುತ್ತಿತ್ತು, ಸದ್ದಿಗೊಂದು ಊದು, ಸದ್ದಿಗೊಂದು ಊದು. ನೋಡುತ್ತಿದ್ದಂತೆ ಅದು ಸಣ್ಣದಾಯಿತು. ಕಬ್ಬಿಣದ ಶಾಖ ಕೈಗೆ ತಾಗುತ್ತಾ ಬಂದಂತೆ ಗಾಳಿ ಎಳೆಯಾಯಿತು, ಆಮೇಲೆ ಇಲ್ಲವಾಯಿತು. ಅದರೊಂದಿಗೆ ಸದ್ದೂ ನಿಂತಿತು. ನೆನಪಿನ ಬಗ್ಗೆ ನನಗೆಷ್ಟು ಅನುಮಾನವಿದ್ದರೂ ಈ ಒಂದನ್ನು ನನ್ನ ಕೈ ಬಿಟ್ಟುಕೊಡುವುದಿಲ್ಲ.

“ಕೂಡಿನ ಮಧ್ಯೆ ಇಕ್ಕೋ ಗ್ಯಾಸ್ಕೆಟ್ಟು ಸೀಳೋಗದೆ” ಎಂದರು ಮುದುಕರು. “ಕಬ್ಬಿಣ ಕಾದು ಉಬ್ಬಿದ್ರೆ ಸೀಳು ಮುಚ್ಕತದೆ. ತಣ್ಣಗಾದ್ರೆ ಬಾಯಿ ಬುಡ್ತದೆ. ಎಂಜಿನ್ ಒಳಗೆ ಕೈ ಆಕೋ ಕೆಲ್ಸವೇ ಇಲ್ಲ.”

ಒಂದು ವರ್ಷ, ದಿನವೂ ಆ ಕಬ್ಬಿಣ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ನಾವು ಮೆಕ್ಯಾನಿಕ್ಕುಗಳ ಎದುರು ಅದನ್ನು ತಂದು ನಿಲ್ಲಿಸಿ, ಕೂಗು ಕೂಗು ಎನ್ನುತ್ತಿದ್ದೆವು. ನಾನು ಬಾನೆಟ್ಟಿನ ಕೆಳಗೆ ನೋಡುತ್ತಾ ನಿಂತುಬಿಟ್ಟೆ. ಮುದುಕರು ಪಕ್ಕಕ್ಕೆ ತಳ್ಳಿದರು: “ಜಾಗ ಬುಡಪ್ಪ, ನಟ್ಟು ಬಿಚ್ಬೇಕು.”

ಅವರು ಹೊಸ ಗ್ಯಾಸ್ಕೆಟ್ಟು ಕೂರಿಸಿದ ಮೇಲೆ ಅಕ್ಕ ಒಬ್ಬಳೇ ಕಾರು ಹತ್ತಿ ಹೊರಟಳು. ಮುಂದಿನದನ್ನು ನಾನು ನೋಡಿಲ್ಲ. ಭಾವ ಹೇಳಿದ್ದು. ಗುಜರಿಯವನು ಹೇಳಿದ ಹೊತ್ತಿಗೇ ಬಂದನಂತೆ. ಭಾವ ಅವನಿಗೆ ಮಜ್ಜಿಗೆ ಕೊಟ್ಟು ಕೂರಿಸಿದರು. ಪಾಂಡವಪುರದಿಂದ ಅಕ್ಕ ಬರಲಿಲ್ಲ. ಮೂರು ಗಂಟೆಯಾಯಿತು, ನಾಲ್ಕಾಯಿತು. ಅವನು ಬೈದುಕೊಂಡು ಎದ್ದು ಹೋದ. ಹಾಲು ಕರೆಯುವ ಹೊತ್ತಿಗೆ ಕಾರು ಹಟ್ಟಿಯ ಅಂಗಳಕ್ಕೆ ಬಂತು.

“ಎಲ್ಲಿಗೋಗಿದ್ದೆ?” ಎಂದು ಭಾವ ಕೇಳಿದರಂತೆ.

“ಸಿಂಧಘಟ್ಟುಕ್ಕೆ.”

“ಅಲ್ಲೇನಿತ್ತು?”

“ಏನೂ ಇರ್ನಿಲ್ಲ. ಸುಮ್ನೆ ಓಡುಸ್ಕಂಡೋಗಿದ್ದೆ” ಎಂದು ಅಕ್ಕ ಹಾಲಿನ ಪಾತ್ರೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳಂತೆ.